ಆನಂದ ರಂಗ ಪಿಳ್ಳೈ ಮನೆಯನ್ನು ಮಳೆಗೆ ಮುಂಚೆ ಪರೀಕ್ಷೆ ಮಾಡಿಸಿ: ಪುದುಚೇರಿ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರ.

ಬೆಂಗಳೂರಿನಿಂದ ವಾರದ ಕೊನೆಗೆ ನಿಮ್ಮೂರಿಗೆ ಬರುವ ಜನ ಎಷ್ಟು ಅಂತ ನಿಮಗೇ ಗೊತ್ತು. ಸಮುದ್ರದ ಕಡೆಯ ಹಳದಿ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತೇವೆ. ಕಾಲುವೆಯ ಆಚೆ, ದೊಡ್ಡ ಮಾರ್ಕೆಟ್ಟಿನ ಹತ್ತಿರ, ಅವಕ್ಕಿಂತ ಹಳೆಯ ಮನೆಯೊಂದಿದೆ. ಅಲ್ಲಿಗೆ ಹೋಗುವವರು ಕಡಿಮೆ.

1730ರ ದಶಕದಲ್ಲಿ ಕಟ್ಟಿದ ಮನೆ ಅದು. ಕೆಳಗೆ ಕೆತ್ತನೆಯ ಮರದ ಕಂಬಗಳು, ನಡುವೆ ತೆರೆದ ಅಂಗಳ. ನಮ್ಮ ತೊಟ್ಟಿಮನೆಗಳನ್ನು ನೋಡಿದವರಿಗೆ ಥಟ್ಟನೆ ಪರಿಚಯ ಸಿಗುತ್ತದೆ. ತಲೆ ಎತ್ತಿದರೆ ಮಹಡಿಯಲ್ಲಿ ಫ್ರೆಂಚ್ ಶೈಲಿಯ ಬಿಳಿ ಗಾರೆ ಕಂಬಗಳು! ಆನಂದ ರಂಗ ಪಿಳ್ಳೈ ಬಟ್ಟೆ, ಅಡಿಕೆಯ ವ್ಯಾಪಾರಿ. ಪುದುಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಗೆ ದುಭಾಷಿ. 1736ರಿಂದ 1761ರಲ್ಲಿ ತೀರಿಕೊಳ್ಳುವವರೆಗೂ ತಮಿಳಿನಲ್ಲಿ ದಿನಚರಿ ಬರೆದರು. ಯುದ್ಧ, ಹಡಗು, ಸಾಲ, ಒಳಜಗಳ, ಅವರ ಅಡಿಕೆ ಮಳಿಗೆ ಎಲ್ಲವೂ ಅದರಲ್ಲಿದೆ. ಆ ಕಾಲದ ದಕ್ಷಿಣ ಭಾರತವನ್ನು ಕಂಪನಿಯ ಕಾಗದಗಳಿಂದಲ್ಲದೆ ನಮ್ಮವರ ಕಣ್ಣಿನಿಂದ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ. 1760ರಲ್ಲಿ ಮೈಸೂರಿನ ಹೈದರ್ ಅಲಿಯ ಪಡೆ ಫ್ರೆಂಚರ ನೆರವಿಗೆ ಬಂದಾಗಲೂ ಪಿಳ್ಳೈ ಇದ್ದರು. ಮರುವರ್ಷ ಇಂಗ್ಲಿಷರು ಊರು ಗೆದ್ದು ಕೋಟೆಯನ್ನೂ ಫ್ರೆಂಚರ ಕಟ್ಟಡಗಳನ್ನೂ ನೆಲಸಮ ಮಾಡಿದರು. ಈ ಮನೆ ಉಳಿಯಿತು.

ಇಂಗ್ಲಿಷರಿಂದ ಉಳಿದದ್ದು ಮಳೆಗೆ ಹೋಗಬಾರದು, ಅಲ್ವಾ? 2014ರ ನವೆಂಬರ್ ಮಳೆಯಲ್ಲಿ ನಿಮ್ಮ ಮೇರಿ ಕಟ್ಟಡ, ಅಂದರೆ ಫ್ರೆಂಚರ ಕಾಲದ ಪುರಭವನ, ಕುಸಿದುಬಿತ್ತು. ಅದು ಹತ್ತೊಂಬತ್ತನೇ ಶತಮಾನದ್ದು. ಮತ್ತೆ ಹಾಗೇ ಕಟ್ಟಿಸಿದಿರಿ, ಸಂತೋಷ. ಪಿಳ್ಳೈ ಕಾಲದ ಬಡಗಿಗಳು ಕೆತ್ತಿದ ಕಂಬವನ್ನು ಮಾತ್ರ ಯಾರೂ ಮತ್ತೆ ತರಲಾರರು.

ಇಂಥ ಹಳೇ ಮನೆಗಳ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಇರುತ್ತದೆ. ಬಿರುಕಿನಲ್ಲಿ ಇಳಿದ ನೀರು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯಲ್ಲಿ ನಿಲ್ಲುತ್ತದೆ. ಕೊಳೆಯುವುದು ಅಲ್ಲೇ, ಹೊರಗೆ ಕಾಣದ ಜಾಗದಲ್ಲಿ. ಮೇಲೆ ಸಿಮೆಂಟ್ ಬಳಿದರೆ ತೇವ ಆರದೆ ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಸುಮ್ನೆ ಬಣ್ಣ ಹೊಡೆಸಬೇಡಿ.

ಪ್ರತಿ ವರ್ಷ ಅಕ್ಟೋಬರ್ ಮಳೆ ಶುರುವಾಗುವ ಮೊದಲು ಹಳೇ ಕಟ್ಟಡಗಳನ್ನು ಬಲ್ಲ ಎಂಜಿನಿಯರ್ ಒಬ್ಬರು ಒಂದೊಂದು ತೊಲೆಯನ್ನೂ ತಟ್ಟಿ ನೋಡಲಿ. ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿ. ರಿಪೇರಿ ಸುಣ್ಣ ಮತ್ತು ಮರದಲ್ಲೇ ಆಗಲಿ, ಅದಕ್ಕೆ ಬಜೆಟ್ಟಿನಲ್ಲಿ ಬೇರೆಯೇ ಹಣ ಇಡಿ. ತಮಿಳು ಬೀದಿಗಳ ಉಳಿದ ಹಳೇ ಮನೆಗಳಿಗೂ ಇದೇ ನೆರವು ಸಿಗಲಿ. ಈ ವರ್ಷದ ಮಳೆಗೆ ಮುಂಚೆ ಮೊದಲ ಪರೀಕ್ಷೆ ನಡೆಯುತ್ತದೆಯೇ, ದಯವಿಟ್ಟು ತಿಳಿಸಿ.

ಇತಿ,
ಬೆಂಗಳೂರಿನಿಂದ ನಿಮ್ಮೂರಿಗೆ ಬರುವ ಒಬ್ಬ ಓದುಗ