ಬಿಟ್ಟ ಪರೀಕ್ಷೆ ಲೆಕ್ಕಕ್ಕೆ ಸಿಗಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ನೋಡುವಾಗ ಒಂದು ಸಂಗತಿ ನನ್ನನ್ನು ಕಾಡುತ್ತದೆ. ತಂತ್ರಾಂಶದ ಪರೀಕ್ಷೆಗೆ ಬೇಕಾದ ಡೇಟಾಬೇಸ್, ಲೈಬ್ರರಿ ಅಥವಾ ಭಾಷಾ ಸೌಲಭ್ಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಆ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗುವುದು ತಪ್ಪಲ್ಲ. ಇಲ್ಲದ ಸೌಲಭ್ಯಕ್ಕಾಗಿ ಪ್ರೋಗ್ರಾಮನ್ನು ‘ಫೇಲ್’ ಎನ್ನುವುದೇ ಅನ್ಯಾಯ. ಪೈಥಾನ್ ಭಾಷೆಯ ಪರೀಕ್ಷಾ ಸಾಧನವಾದ ಪೈಟೆಸ್ಟ್‌ನಲ್ಲಿ, ಹೇಳಿದ ಷರತ್ತಿನ ಮೇಲೆ ಪರೀಕ್ಷೆಯನ್ನು ಬಿಡುವ ‘ಸ್ಕಿಪ್‌ಇಫ್’ ಇದಕ್ಕೆಂದೇ ಇದೆ. ತಂತ್ರಾಂಶ ಕಟ್ಟಲು ಬಳಸುವ ಆಟೋಮೇಕ್ ಎಂಬ ಸಾಧನ ಕೂಡ, ಪರೀಕ್ಷೆ 77 ಎಂಬ ಸಂಕೇತದೊಂದಿಗೆ ಮುಗಿದರೆ, ಅದನ್ನು ಬಿಟ್ಟದ್ದೆಂದೇ ಎಣಿಸುತ್ತದೆ.

ಆದರೆ ಬಿಟ್ಟದ್ದು ಯಾರ ಗಮನಕ್ಕೂ ಬಾರದಿರುವುದು ಅಪಾಯ. ಒಂದು ಲ್ಯಾಬಿನಲ್ಲಿ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮೊಂದರ ಪರೀಕ್ಷೆಗೆ ಲಿನಕ್ಸ್‌ನ ಕನ್ನಡ ಲೊಕೇಲ್, ಅಂದರೆ ಕನ್ನಡದ ಅಕ್ಷರಕ್ರಮ ಮುಂತಾದ ಭಾಷಾ ನಿಯಮಗಳ ಕಡತ, ಬೇಕಿತ್ತು. ಆ ಲ್ಯಾಬಿನ ಯಾವ ಯಂತ್ರದಲ್ಲೂ ಅದನ್ನು ಹಾಕಿರಲಿಲ್ಲವಾದ್ದರಿಂದ, ಕನ್ನಡಕ್ಕಾಗಿಯೇ ಬರೆದ ಪರೀಕ್ಷೆ ಒಮ್ಮೆಯೂ ನಡೆಯದೆ, ಪಾಸಾದ ಪರೀಕ್ಷೆಗಳನ್ನು ಸೂಚಿಸುವ ಚುಕ್ಕಿಗಳ ಸಾಲಿನ ನಡುವೆ, ಬಿಟ್ಟದ್ದೆಂದು ಸೂಚಿಸುವ ಪುಟ್ಟದೊಂದು ‘ಎಸ್’ ಅಕ್ಷರವಾಗಿ ಉಳಿದಿತ್ತು. ಫಲಿತಾಂಶದ ಕೊನೆಯ ಸಾಲು ಹಸಿರಾಗಿದ್ದುದರಿಂದ ಎಲ್ಲವೂ ಸರಿಯಿದೆ ಎಂದೇ ವಿದ್ಯಾರ್ಥಿಗಳು ನಂಬಿದ್ದರು. ಅವರನ್ನು ದೂರುವಂತಿಲ್ಲ, ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಭಾಗದ ಕಾಲೇಜುಗಳು ಇದನ್ನು ಲ್ಯಾಬ್ ಪಾಠದಲ್ಲಿಯೇ ಸೇರಿಸಬೇಕೆಂಬುದು ನನ್ನ ಕಳಕಳಿಯ ವಿನಂತಿ. ಪರೀಕ್ಷೆ ಬಿಡುವ ಪ್ರತಿ ಕಡೆಯೂ ಕಾರಣ ಬರೆದಿರಬೇಕು. ಪೈಟೆಸ್ಟ್‌ಗೆ ‘-rs’ ಎಂಬ ಆಯ್ಕೆ ಕೊಟ್ಟರೆ ಆ ಕಾರಣಗಳೆಲ್ಲ ಪರದೆಯ ಮೇಲೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಲ್ಯಾಬಿನಲ್ಲಿ ಒಂದು ಯಂತ್ರದಲ್ಲಾದರೂ ಬೇಕಾದುದೆಲ್ಲವನ್ನೂ ಹಾಕಿ, ಅಲ್ಲಿ ಏನಾದರೂ ಕಾಣೆಯಾದರೆ ಪರೀಕ್ಷೆಯನ್ನು ಬಿಡದೆ ‘ಫೇಲ್’ ಎಂದೇ ತೋರಿಸುವ ವ್ಯವಸ್ಥೆ ಮಾಡಬೇಕು.

— ಓರ್ವ ತಂತ್ರಾಂಶ ಎಂಜಿನಿಯರ್, ಕಲಬುರಗಿ