ವೋಲರ್‌ಗೆ ಯೂರಿಯಾ ಸುಮ್ನೆ ಸಿಗಲಿಲ್ಲ

ಸಂಪಾದಕರೇ,

ಮೊನ್ನೆ ರಾತ್ರಿ ಮಗಳು ಗೈಡು ಹಿಡಿದು ಬಾಯಿಪಾಠ ಮಾಡುತ್ತಿದ್ದಳು: '1828ರಲ್ಲಿ ವೋಲರ್ ಆಕಸ್ಮಿಕವಾಗಿ ಯೂರಿಯಾ ತಯಾರಿಸಿದನು.' ಅಷ್ಟೇ, ಮುಂದಿನ ಪ್ರಶ್ನೆಗೆ ಹೋದಳು. ಆ 'ಆಕಸ್ಮಿಕವಾಗಿ' ನನಗೆ ಚುಚ್ಚಿತು. ಅದಕ್ಕೇ ಈ ಪತ್ರ.

ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ವೋಲರ್ ಆಗ ಬರ್ಲಿನ್ನಿನ ಒಂದು ವೃತ್ತಿ ಶಾಲೆಯಲ್ಲಿ ಮೇಷ್ಟ್ರು. ವಯಸ್ಸು 27. ಮಾಡಲು ಹೊರಟಿದ್ದು ಅಮೋನಿಯಂ ಸಯನೇಟ್ ಎಂಬ ಲವಣ, ನಿಜ. ಸಿಕ್ಕಿದ್ದು ಮಾತ್ರ ಬಣ್ಣವಿಲ್ಲದ, ತೆಳ್ಳನೆಯ, ನಾಲ್ಕು ಮುಖದ ಹರಳು. ಅಮೋನಿಯಂ ಲವಣಕ್ಕೆ ಸುಣ್ಣ ಹಾಕಿದರೆ ಮೂಗಿಗೆ ಹೊಡೆಯುವ ಹಾಗೆ ಅಮೋನಿಯಾ ವಾಸನೆ ಬರಬೇಕು, ಅಲ್ವಾ? ಇದರಲ್ಲಿ ಅದರ ಸುಳಿವೇ ಇಲ್ಲ. ಬೇರೆಯವರಾಗಿದ್ದರೆ ಕೆಟ್ಟಿತು ಅಂತ ಚೆಲ್ಲುತ್ತಿದ್ದರೇನೋ. ಆದರೆ ವೋಲರ್ ಓದಿದ್ದು ವೈದ್ಯಕೀಯ, ವಿದ್ಯಾರ್ಥಿಯಾಗಿದ್ದಾಗಲೇ ಮೂತ್ರದಲ್ಲಿ ಏನೇನು ಹೋಗುತ್ತದೆ ಅಂತ ಪರೀಕ್ಷೆ ಮಾಡಿದವರು. ಈ ಹರಳನ್ನು ನಾಲ್ಕು ವರ್ಷ ಹಿಂದೆಯೇ ನೋಡಿ, ಏನಿದು ಅಂತ ತಲೆಯಲ್ಲಿ ಇಟ್ಟುಕೊಂಡಿದ್ದರು. ಮೂತ್ರದಿಂದ ಬೇರ್ಪಡಿಸಿದ ಶುದ್ಧ ಯೂರಿಯಾವನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಎರಡೂ ಒಂದೇ! ಮನುಷ್ಯನದಾಗಲಿ ನಾಯಿಯದಾಗಲಿ, ಮೂತ್ರಪಿಂಡವೇ ಬೇಡದೆ ಯೂರಿಯಾ ಮಾಡಬಲ್ಲೆ ಅಂತ ಸ್ವೀಡನ್ನಿನ ಗುರು ಬರ್ಜೀಲಿಯಸ್‌ಗೆ ಕಾಗದ ಬರೆದರು. ಜೀವಿಗಳ ವಸ್ತುಗಳಿಗೆ ಜೀವಶಕ್ತಿಯೇ ಬೇಕು ಎಂಬ ನಂಬಿಕೆ ಅದೇ ದಿನ ಬಿದ್ದುಹೋಗಲಿಲ್ಲ, ಬಿರುಕಂತೂ ಬಿಟ್ಟಿತು.

ನನಗೆ ಜಾಸ್ತಿ ಇಷ್ಟವಾದ ಕಥೆ ಇನ್ನೊಂದಿದೆ. ವೋಲರ್ ಅವರ ಸಿಲ್ವರ್ ಸಯನೇಟ್, ಇನ್ನೊಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್ ಅವರ ಸಿಲ್ವರ್ ಫಲ್ಮಿನೇಟ್, ಎರಡರಲ್ಲೂ ಯಾವ ಧಾತು ಎಷ್ಟಿದೆ ಎಂಬ ಲೆಕ್ಕ ಒಂದೇ ಬಂತು. ಒಂದು ಸುಮ್ಮನಿರುತ್ತದೆ, ಇನ್ನೊಂದು ಮುಟ್ಟಿದರೆ ಸಿಡಿಯುತ್ತದೆ. ನಿಮ್ಮದು ತಪ್ಪು ಅಂತ ಶುರುವಾದದ್ದು ಕೊನೆಗೆ ಇಬ್ಬರದೂ ಸರಿ ಅಂತ ಆಯಿತು, ಪರಮಾಣುಗಳು ಅವೇ ಆದರೂ ಜೋಡಣೆ ಬೇರೆಯಾದರೆ ವಸ್ತುವೇ ಬೇರೆ ಅಂತ ತಿಳಿಯಿತು. ಇಬ್ಬರೂ ಜೀವದ ಗೆಳೆಯರಾದರು. 1832ರಲ್ಲಿ ವೋಲರ್ ಹೆಂಡತಿ ತೀರಿಕೊಂಡಾಗ ಲೀಬಿಗ್ ಈ ಗೆಳೆಯನನ್ನು ತಾವಿದ್ದ ಗೀಸೆನ್ ಊರಿಗೆ ಕರೆಸಿಕೊಂಡರು. ಆ ದುಃಖದಲ್ಲೇ ಇಬ್ಬರೂ ಕೂತು ಕಹಿ ಬಾದಾಮಿ ಎಣ್ಣೆಯ ಮೇಲೆ ಮಾಡಿದ ಕೆಲಸ ಸಾವಯವ ರಸಾಯನಶಾಸ್ತ್ರಕ್ಕೇ ದಾರಿ ತೋರಿಸಿತು.

ನಮ್ಮ ಗದ್ದೆಗೆ ಹಾಕುವ ಯೂರಿಯಾ ವೋಲರ್ ದಾರಿಯಲ್ಲಿ ತಯಾರಾಗುವುದಲ್ಲ, ಅದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಆಗುವುದು. ಮಕ್ಕಳಿಗೆ ಅದನ್ನೂ ಬಿಡಿಸಿ ಹೇಳಬೇಕು.

ಗೈಡು ಬರೆಯುವವರಲ್ಲಿ ನನ್ನದೊಂದೇ ಕೋರಿಕೆ. ಪಾಠ ಉದ್ದ ಮಾಡುವುದು ಬೇಡ. 'ಆಕಸ್ಮಿಕವಾಗಿ' ತೆಗೆದು 'ನಾಲ್ಕು ವರ್ಷ ತಲೆಯಲ್ಲಿಟ್ಟುಕೊಂಡು, ಹೋಲಿಸಿ ನೋಡಿ' ಅಂತ ಹಾಕಿ.

— ಒಬ್ಬ ತಂದೆ, ಮಂಡ್ಯ