ಶಿವರಾತ್ರಿ ಮಾರನೇ ದಿನ ನಕ್ಷತ್ರ ನೋಡೋಣ

ಎಲ್ಲರಿಗೂ ನಮಸ್ಕಾರ.

ಶಿವರಾತ್ರಿಯ ಮಾರನೇ ದಿನ ಸಂಜೆ 7.30ಕ್ಕೆ ನಮ್ಮ ಮನೆ ತಾರಸಿಗೆ ಬನ್ನಿ. ಅಮಾವಾಸ್ಯೆ ಹತ್ತಿರ, ಚಂದ್ರನ ಕಾಟ ಇರುವುದಿಲ್ಲ. ಚಿತ್ರದುರ್ಗದ ಬೀದಿದೀಪಕ್ಕೆ ಏನೂ ಮಾಡಲಾಗದು ಬಿಡಿ.

ಕತ್ತಲಾಗುವ ಮುಂಚೆ, 6 ಗಂಟೆಗೆ, ಮಕ್ಕಳಿಗೆ ರಸ್ತೆಯಲ್ಲೇ ಒಂದು ಆಟ. 14 ಸೆಂ.ಮೀ. ಅಗಲದ ತೆಂಗಿನಕಾಯಿ ಸೂರ್ಯ ಅಂದುಕೊಂಡರೆ, ಭೂಮಿ ಒಂದು ಸಾಸಿವೆ ಕಾಳು. ಅದನ್ನು 15 ಮೀಟರ್ ದೂರ ಇಡಬೇಕು. ಸೂರ್ಯನ ಪಕ್ಕದ ನಕ್ಷತ್ರ? ಇದೇ ಲೆಕ್ಕದಲ್ಲಿ ಸುಮಾರು 4,000 ಕಿ.ಮೀ. ಆಚೆ! ಕಾಶ್ಮೀರ ದಾಟಿದರೂ ಸಿಗಲ್ಲ.

ಆಮೇಲೆ ತಾರಸಿಯಲ್ಲಿ ಆರ್ದ್ರಾ ನೋಡೋಣ. ಹೌದು, ರೈತರು ಹೇಳುವ ಆರಿದ್ರಾ ಮಳೆಯ ನಕ್ಷತ್ರವೇ. ಕೆಂಪಗಿದೆ, ಉಬ್ಬಿದೆ, ಮುಪ್ಪಿನಲ್ಲಿದೆ. ಒಂದು ದಿನ ಸಿಡಿಯುತ್ತದೆ, ಆದರೆ ಈ ವಾರವೇ ಅಂತ ಬರುವ ಫಾರ್ವರ್ಡ್ ನಂಬಬೇಡಿ. ಅದರ ಹತ್ತಿರದಲ್ಲೇ, ಮೂರು ಚುಕ್ಕಿಗಳ ಸಾಲಿನ ಕೆಳಗೆ, ಹೊಸ ನಕ್ಷತ್ರ ಹುಟ್ಟುವ ಮಂಜಿನ ಮೋಡವಿದೆ. ಅಲ್ಲಿಂದ ಬೆಳಕು ಬರಲು ಸುಮಾರು 1,300 ವರ್ಷ ಬೇಕು. ಬೈನಾಕ್ಯುಲರ್ ಇದ್ದವರು ಮರೆಯದೆ ತನ್ನಿ.

ಚಾಪೆ, ಸ್ವೆಟರ್ ನಿಮ್ಮದು. ಮಂಡಕ್ಕಿ, ಮಿರ್ಚಿ ನಮ್ಮದು. ಮೊಬೈಲ್ ಟಾರ್ಚ್ ಹಾಕಬೇಡಿ, ಕಣ್ಣು ಕತ್ತಲಿಗೆ ಹೊಂದಲು 20 ನಿಮಿಷ ಬೇಕು.

ಎಷ್ಟು ಜನ ಬರುತ್ತೀರಿ ಅಂತ ಹಿಂದಿನ ದಿನದೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಲೆಕ್ಕ ಸಿಗಲ್ಲ.